ದಂಡವೂ ಗೋಳವೂ: ಕೃತಕ ಭುಜಸಂಧಿಯ ರಚನೆಯನ್ನು ಕುರಿತ ವಿಮರ್ಶೆ

ಕೃತಕ ಭುಜಸಂಧಿಯ ಚರಿತ್ರೆಯನ್ನು ತಲೆಮಾರುಗಳಾಗಿ ವಿಂಗಡಿಸಿ ಹೇಳುವುದು ವಾಡಿಕೆ. ಮೊದಲಿನದು ಏಕಖಂಡ, ಎರಡನೆಯದು ಬಿಡಿಭಾಗಗಳನ್ನು ಕೂಡಿಸಿದ್ದು, ಮೂರನೆಯದು ರೋಗಿಯ ಮೂಳೆಗೆ ತಕ್ಕಂತೆ ಹೊಂದಿಸಬಹುದಾದದ್ದು, ಆಮೇಲೆ ಗಿಡ್ಡ ದಂಡ, ಕಡೆಗೆ ದಂಡವೇ ಇಲ್ಲದ ರಚನೆ. ಪಾಠ ಹೇಳುವುದಕ್ಕೆ ಈ ವಿಂಗಡಣೆ ಅನುಕೂಲವೇ ಸರಿ. ಆದರೆ ಪ್ರತಿಯೊಬ್ಬ ಮಗನೂ ತಂದೆಗಿಂತ ಜಾಣನೆಂಬ ಭಾವನೆಯನ್ನು ಅದು ವಿದ್ಯಾರ್ಥಿಗಳಲ್ಲಿ ಬೇರೂರಿಸುತ್ತದೆ. ದಂಡದ ಮಟ್ಟಿಗೆ ಈ ಭಾವನೆಯನ್ನು ಒಪ್ಪುವುದು ಕಷ್ಟ.

ತೋಳಿನ ಮೂಳೆಯ ಮೇಲ್ತುದಿಯಲ್ಲಿರುವ ಗೋಳ ಕೆಟ್ಟಾಗ ಅದನ್ನು ಕತ್ತರಿಸಿ ತೆಗೆದು ಲೋಹದ ಗೋಳವನ್ನು ಕೂರಿಸುವರು. ಅದಕ್ಕೆ ಬುಡವಾಗಿ ಮೂಳೆಯ ನಾಳದೊಳಕ್ಕೆ ಇಳಿಯುವ ಸಲಾಕೆಯೇ ದಂಡ. ಶಸ್ತ್ರವೈದ್ಯರ ಮಾತಿನಲ್ಲಿ ಸ್ಟೆಮ್. ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಅವರು 1955ರಲ್ಲಿ ಪ್ರಕಟಿಸಿದ ಕೀಲಿನಲ್ಲಿ ಗೋಳವೂ ದಂಡವೂ ಒಂದೇ ತುಂಡಾಗಿದ್ದುವು. ಒಡೆದುಹೋದ ಗೋಳಕ್ಕೆ ಬದಲಾಗಿ ಬಂದ ಈ ಕೀಲು ಮುಂದೆ ಸವೆದ ಸಂಧಿಗಳಿಗೂ ಬಳಕೆಯಾಯಿತು. ಅದರ ಗುಣವೂ ದೋಷವೂ ಒಂದೇ: ದಂಡ ತಿರುಗಿದತ್ತ ಗೋಳವೂ ತಿರುಗಲೇಬೇಕು.

ಇದರ ತೊಡಕನ್ನು ಅಂಕಿಗಳಲ್ಲಿ ತೋರಿಸಿದವರು ಫ್ರಾನ್ಸಿನ ಬ್ವಾಲೋ ಮತ್ತು ವಾಲ್ಶ್. 1997ರಲ್ಲಿ ಅವರು ಪ್ರಕಟಿಸಿದ ಅಳತೆಗಳಲ್ಲಿ ನಾಳಕ್ಕೂ ಗೋಳಕ್ಕೂ ನಡುವಣ ಕೋನ ಸರಾಸರಿ 130 ಡಿಗ್ರಿಯಷ್ಟಿದ್ದರೂ ಒಂದೊಂದು ಮೂಳೆಯಲ್ಲಿ ಅದು 123ರಿಂದ 136ರವರೆಗೆ ವ್ಯತ್ಯಾಸವಾಗುತ್ತದೆ. ಗೋಳ ಹಿಂದಕ್ಕೆ ಹೊರಳಿರುವ ಕೋನವಂತೂ ಇನ್ನೂ ಚಂಚಲ: ಸರಾಸರಿ 18 ಡಿಗ್ರಿ, ಆದರೆ 47ನ್ನು ಮುಟ್ಟಿದ ಮೂಳೆಯೂ ಉಂಟು, ತುಸು ಮುಂದಕ್ಕೇ ಹೊರಳಿದ್ದೂ ಉಂಟು. ಸಾಲದುದಕ್ಕೆ ಗೋಳದ ಕೇಂದ್ರವು ನಾಳದ ನೇರಕ್ಕಿಲ್ಲ. ಕೆಲವು ಮಿಲಿಮೀಟರುಗಳಷ್ಟು ಒಳಕ್ಕೂ ಹಿಂದಕ್ಕೂ ಸರಿದಿದೆ. ಹೀಗಿರುವಾಗ ಒಂದೇ ಅಚ್ಚಿನ ಏಕಖಂಡವನ್ನು ನಾಳಕ್ಕೆ ನೆಟ್ಟಗೆ ಇಳಿಸಿದರೆ, ಗೋಳವು ರೋಗಿಯ ಸ್ವಂತ ಗೋಳವಿದ್ದ ಸ್ಥಾನದಲ್ಲಿಯೇ ನಿಲ್ಲುವುದು ಬರಿಯ ಆಕಸ್ಮಿಕ. 135 ಡಿಗ್ರಿಯನ್ನು ‘ಸಹಜ ಕೋನ’ವೆಂದು ಬೋಧಿಸುವವರು ಸರಾಸರಿಯನ್ನೇ ಮನುಷ್ಯನೆಂದು ತಿಳಿದಂತೆ ಕಾಣುತ್ತದೆ, ಅದು ಸರಾಸರಿಯೂ ಅಲ್ಲವೆಂಬುದು ಬೇರೆ ಮಾತು.

ಗಿಡ್ಡ ದಂಡದ ಪಕ್ಷದವರ ವಾದ ಬಲವಾದದ್ದೇ. ನಾಳವನ್ನು ಬಿಗಿಯಾಗಿ ತುಂಬಿದ ದಂಡವು ಭಾರವನ್ನೆಲ್ಲ ತಾನೇ ಹೊತ್ತು ಕೆಳಕ್ಕೆ ಸಾಗಿಸುವುದರಿಂದ ಮೇಲಿನ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ. ಮುಂದೆ ಸೋಂಕು ತಗಲಿ ಕೀಲನ್ನು ತೆಗೆಯಬೇಕಾದರೆ, ಭದ್ರವಾಗಿ ಬೆಸೆದ ಉದ್ದ ದಂಡಕ್ಕಾಗಿ ಮೂಳೆಯನ್ನೇ ಉದ್ದಕ್ಕೆ ಸೀಳಬೇಕಾದೀತು. ಆ ಎರಡನೆಯ ಶಸ್ತ್ರಕ್ರಿಯೆಯ ಹೊತ್ತಿಗೆ ರೋಗಿಗೆ ವಯಸ್ಸೂ ಹೆಚ್ಚಿರುತ್ತದೆ. ಆದರೆ ಈ ವಾದದಲ್ಲಿ ಒಂದು ಸಂಗತಿ ಮರೆಯಾಗಿದೆ. ಉದ್ದ ದಂಡವು ನಾಳದ ಗೋಡೆಗಳ ನಡುವೆ ತಾನಾಗಿಯೇ ನೆಟ್ಟಗಾಗುತ್ತಿತ್ತು. ಗಿಡ್ಡದ್ದಕ್ಕೆ ಆ ಆಸರೆ ಕಡಿಮೆ. ಒಳಕ್ಕೋ ಹೊರಕ್ಕೋ ವಾಲಿ ನಿಲ್ಲಬಹುದು. ದಂಡವಿಲ್ಲದ ರಚನೆಯಲ್ಲಿ ಗೋಳದ ನಿಲುವನ್ನು ಗರಗಸದ ಗೀರೇ ನಿರ್ಧರಿಸುತ್ತದೆ. ನಾಳ ಹೊರುತ್ತಿದ್ದ ಹೊಣೆ ಶಸ್ತ್ರವೈದ್ಯನ ಕೈಗೆ ವರ್ಗವಾಯಿತೇ ಹೊರತು ಮಾಯವಾಗಲಿಲ್ಲ.

ಹಾಗೆಂದು ವಾಲಿದ ದಂಡವೆಲ್ಲ ತಪ್ಪೆನ್ನಲಾಗದು. 135 ಡಿಗ್ರಿಯ ದಂಡ 5 ಡಿಗ್ರಿ ಒಳಕ್ಕೆ ವಾಲಿದರೆ ಗೋಳದ ಕೋನ 130 ಆಗುತ್ತದೆ. ಆ ರೋಗಿಯ ಸ್ವಂತ ಕೋನವೇ 130 ಆಗಿದ್ದರೆ ಅದು ಲಾಭವೇ. ಕ್ಷ-ಕಿರಣ ಚಿತ್ರದಲ್ಲಿ ದಂಡದ ವಾಲಿಕೆಯನ್ನು ಮಾತ್ರ ಅಳೆದು ತೀರ್ಪು ಕೊಡುವ ವರದಿಗಳನ್ನು ನಾವು ಎಚ್ಚರಿಕೆಯಿಂದ ಓದಬೇಕಾದುದು ಇದಕ್ಕಾಗಿ. ಅಳೆಯಬೇಕಾದದ್ದು ಗೋಳದ ಕೇಂದ್ರ ತನ್ನ ಮೊದಲಿನ ಸ್ಥಾನದಿಂದ ಎಷ್ಟು ದೂರ ಸರಿಯಿತೆಂಬುದನ್ನು. ಹಿಂದಕ್ಕೆ ಹೊರಳಿದ ಕೋನವಂತೂ ಮುಂಬದಿಯ ಚಿತ್ರದಲ್ಲಿ ಸರಿಯಾಗಿ ಸಿಕ್ಕುವುದೇ ಇಲ್ಲ.

ಗ್ರಾಮೊಂ ಅವರು ಡಿಜೋನಿನಲ್ಲಿ 1985ರಲ್ಲಿ ರೂಪಿಸಿದ ವಿಪರ್ಯಸ್ತ ಕೀಲಿಗೆ ಈ ಅಳತೆಗೋಲು ಸಲ್ಲದು. ಅಲ್ಲಿ ಗೋಳ ಹೆಗಲೆಲುಬಿಗೂ ಬಟ್ಟಲು ತೋಳಿಗೂ ಹೋಗುವುದರಿಂದ ಮರಳಿ ಪಡೆಯಬೇಕಾದ ಸಹಜ ಸ್ಥಾನವೆಂಬುದೇ ಇಲ್ಲ. ಆ ಪರಂಪರೆಯ 155 ಡಿಗ್ರಿ ಬೇಕೆಂದೇ ಆರಿಸಿದ್ದು. ತೋಳನ್ನು ಇಳಿಸಿದಾಗ ಬಟ್ಟಲಿನ ಅಂಚು ಹೆಗಲೆಲುಬಿನ ಕತ್ತನ್ನು ಉಜ್ಜಿ ಕಚ್ಚುಮಾಡುವುದು ಕಂಡುಬಂದ ಮೇಲೆ 145, 135ರ ರಚನೆಗಳು ಬಂದುವು. ಇಲ್ಲಿ 145ರ ಗಿಡ್ಡ ದಂಡವೊಂದು 5 ಡಿಗ್ರಿ ಹೊರಕ್ಕೆ ವಾಲಿತೆಂದರೆ ಬಟ್ಟಲು 150ಕ್ಕೆ ಬಂದು ನಿಂತು, ಕೋನವನ್ನು ತಗ್ಗಿಸಿದ್ದರ ಅರ್ಧ ಪ್ರಯೋಜನವನ್ನು ಕಳೆಯುತ್ತದೆ.