ದಿನಕ್ಕೊಂದು ಕಂತು

ಮೊಬೈಲಿನಲ್ಲಿ ಬರುವ ಧಾರಾವಾಹಿ ಕಾದಂಬರಿ ಓದುವ ಚಟ ನಿಮ್ಮಲ್ಲಿ ಅನೇಕರ ಹಾಗೆ ನನಗೂ ಇದೆ. ಮಧ್ಯಾಹ್ನ ಪಾತ್ರೆ ತೊಳೆದು ಕೂತರೆ ನಾಲ್ಕು ಕಂತಾದರೂ ಮುಗಿಯುತ್ತವೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಕಡೆ ಇಷ್ಟೊಂದು ಹೆಂಗಸರು ಕನ್ನಡದಲ್ಲಿ ಬರೆಯುತ್ತಿರುವುದು ಸಂತೋಷವೇ. ಆದರೆ ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದೆಷ್ಟು? ಕೋಟ್ಯಧಿಪತಿ ನಾಯಕ, ಒಪ್ಪಂದದ ಮದುವೆ, ವಿಷ ಕಾರುವ ಅತ್ತೆ. ಹತ್ತನೇ ಕಂತಿನಲ್ಲಿ ಬಿದ್ದ ಏಟಿಗೆ ನಾಯಕಿ ಹದಿನೈದನೇ ಕಂತಿನಲ್ಲೂ ಅಳುತ್ತಿರುತ್ತಾಳೆ. ಅವಳಿಗೊಂದು ಊರಿಲ್ಲ, ಕೆಲಸವಿಲ್ಲ, ಆ ಮನೆಯಲ್ಲಿ ಅನ್ನ ಬೇಯಿಸುವವರು ಯಾರೆಂಬುದೂ ತಿಳಿಯದು.

ಹೀಗೆಂದ ಕೂಡಲೇ 'ಹೆಂಗಸರ ಬರಹವೇ ಇಷ್ಟು' ಎನ್ನುವವರಿದ್ದಾರೆ. ಅವರ ಜೊತೆ ನನ್ನನ್ನು ಸೇರಿಸಬೇಡಿ. 'ಅಡುಗೆಮನೆ ಸಾಹಿತ್ಯ' ಎಂಬ ಮೂದಲಿಕೆ ಹಳೆಯದು. 1963ರಲ್ಲಿ, ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡ ತ್ರಿವೇಣಿಯವರ 'ಶರಪಂಜರ'ದಲ್ಲೂ ಇರುವುದು ಗಂಡ, ಮನೆ, ಕಣ್ಣೀರೇ. ಆದರೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದನ್ನು ಅವರು ನಿಧಾನವಾಗಿ ನೋಡಿ ಬರೆದರು. ಆ ನಿಧಾನ ಈಗ ಯಾರಿಗಿದೆ?

ಕೊತ್ತತ್ತಿಯಲ್ಲಿ ನನಗೆ ಪರಿಚಯದ ಹುಡುಗಿಯೊಬ್ಬಳಿದ್ದಾಳೆ. ಹುಡುಗಿ ಎಂದೆ, ಎರಡು ಮಕ್ಕಳ ತಾಯಿ. ಡೈರಿಗೆ ಹಾಲು ಹಾಕಿ, ಮಕ್ಕಳನ್ನು ಮಲಗಿಸಿ, ರಾತ್ರಿ ಮೊಬೈಲಿನಲ್ಲೇ ಬರೆಯುತ್ತಾಳೆ. ಒಂದು ದಿನ ತಪ್ಪಿದರೆ ಓದುಗರು ಬೇರೆ ಕಥೆಗೆ ಹಾರುತ್ತಾರೆಂಬ ಭಯ. ಅವಳ ಎಂಬತ್ತು ಕಂತಿನ ಕಾದಂಬರಿಯನ್ನು ಇಪ್ಪತ್ತಕ್ಕೆ ಇಳಿಸಬಹುದಿತ್ತು. ಅದನ್ನು ಅವಳಿಗೆ ಹೇಳಿದವರಿಲ್ಲ. 'ಸೂಪರ್ ಅಕ್ಕ, ಮುಂದಿನ ಭಾಗ ಬೇಗ ಹಾಕಿ' ಎಂದವರೇ ಎಲ್ಲ.

ಅವಳೇ ಬಿಡುವಾಗಿ ಬರೆದ ಸಣ್ಣ ಕಥೆಯೊಂದಿದೆ. ನಾಲೆಯ ಸರದಿ ನೀರು ಕಟ್ಟಲು ನಡುರಾತ್ರಿ ಬ್ಯಾಟರಿ ಹಿಡಿದು ಒಬ್ಬಳೇ ಗದ್ದೆಗೆ ಹೋಗುವ ವಿಧವೆಯ ಕಥೆ. ಬದುವಿನ ಮೇಲೆ ಇನ್ನೊಂದು ಬೆಳಕು ಕಂಡಾಗ ಅವಳು ಮೊದಲು ತನ್ನ ಬ್ಯಾಟರಿ ಆರಿಸುತ್ತಾಳೆ. ಅಷ್ಟೇ. ಹೆದರಿದಳೆಂದು ಲೇಖಕಿ ಎಲ್ಲೂ ಬರೆಯುವುದಿಲ್ಲ. ಓದಿದ ಮೇಲೆ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆ ಕಥೆಯನ್ನು ಯಾರೋ ಯೂಟ್ಯೂಬಿನಲ್ಲಿ ಓದಿ ಹಾಕಿದರು. ನಡುನಡುವೆ ಜಾಹೀರಾತು. ಬರೆದವಳ ಹೆಸರು ಮಾತ್ರ ಇಲ್ಲ. ಕೇಳಿದವರು ಹೊಗಳಿದ್ದು ಓದಿದವರ ದನಿಯನ್ನು. 'ಹೋಗ್ಲಿ ಬುಡಕ್ಕ, ನನ್ ಕತೆ ನಾಕ್ ಜನ ಕೇಳುದ್ರಲ್ಲ' ಅಂದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಉಪ್ಪಿನಕಾಯಿ ಮಾರಿದರೆ ದುಡ್ಡು ಎಣಿಸಿಕೊಳ್ಳುವ ನಾವು ಕಥೆಗೆ ಯಾಕೆ ಹೀಗೆ ಸಂಕೋಚ ಪಡುತ್ತೇವೆ?

ಬರೆಯುವವರು ಇಷ್ಟಾದರೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಕಥೆಗೆ ರಕ್ಷಣೆಯಿದೆ, ನೋಂದಣಿ ಕಡ್ಡಾಯವಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರವಣಿಗೆಯಲ್ಲಿ ಸಹಿ ಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದು ಲೆಕ್ಕ. ಹಕ್ಕು ಮಾರಿದ ಮೇಲೂ 'ಇದು ನಾನು ಬರೆದದ್ದು' ಎನ್ನುವ ಅಧಿಕಾರ ಬರೆದವರದೇ. ಮೊಬೈಲಿನಲ್ಲಿ 'ಒಪ್ಪಿದೆ' ಎಂದು ಒತ್ತುವ ಮೊದಲು ಷರತ್ತು ಓದಿ, ಅರ್ಥವಾಗದಿದ್ದರೆ ಮಗಳ ಕೈಲಿ ಓದಿಸಿ.

ಹೆಸರು ಹಾಕಿಸಲು ಪತ್ರ ಬರೆದುಕೊಟ್ಟಿದ್ದೇನೆ. ಜೊತೆಗೆ, ಕಥೆಯ ಕೊನೆಯಲ್ಲಿ ಮೈದುನ ಬಂದು ಕಾಲಿಗೆ ಬೀಳುವ ಪ್ಯಾರಾ ತೆಗೆದುಬಿಡು, ಅದು ಬೇಡದ ಸಕ್ಕರೆ ಎಂದೂ ಹೇಳಿದ್ದೇನೆ. 'ಓದೋರು ಒಪ್ಪಲ್ಲ ಕಣಕ್ಕ' ಅನ್ನುತ್ತಾಳೆ. ಆ ಪ್ಯಾರಾದ ಜಗಳ ನಮ್ಮಿಬ್ಬರಲ್ಲಿ ಇನ್ನೂ ಮುಗಿದಿಲ್ಲ.