ಎದೆಯಿಂದ ಹೊರಬಂದ ಎಳೆತಂತಿ

ಬೆಂಗಳೂರಿನ ಮಾರೇನಹಳ್ಳಿಯಂಥ ಬಡಾವಣೆಯಿಂದ ಮಗುವನ್ನು ಹೃದಯದ ಆಪರೇಷನ್‌ಗೆಂದು ಜಯದೇವ ಆಸ್ಪತ್ರೆಗೋ ನಾರಾಯಣ ಹೃದಯಾಲಯಕ್ಕೋ ಕರೆದೊಯ್ದ ಅಪ್ಪ ಅಮ್ಮಂದಿರ ಕಣ್ಣು ಐಸಿಯುನಲ್ಲಿ ಮೊದಲು ಹೋಗುವುದು ವೆಂಟಿಲೇಟರ್, ಮಾನಿಟರ್‌ಗಳ ಮೇಲೆ. ನನ್ನ ಮೆಚ್ಚುಗೆಯೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮದಿಂದ ಹೊರಬಂದಿರುವ, ಹೊಲಿಗೆ ದಾರದಷ್ಟು ತೆಳುವಾದ ತಂತಿಗೆ.

ಎದೆ ಮುಚ್ಚುವ ಮುನ್ನ ಸರ್ಜನ್ ಅದನ್ನು ಹೃದಯದ ಹೊರಮೈಗೆ ಸೇರಿಸಿರುತ್ತಾರೆ. ಕೆಳಕೋಣೆಗಳ ನಡುವಿನ ರಂಧ್ರವನ್ನು ಮುಚ್ಚುವಾಗ ವಿದ್ಯುತ್ ಸಂಕೇತ ಸಾಗುವ ದಾರಿ ತೀರಾ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಊತ ಬಂದರೂ ಸಾಕು, ಮೇಲಿನ ಸಂಕೇತ ಕೆಳಗೆ ಮುಟ್ಟದು, ಬಡಿತ ಕುಸಿಯುತ್ತದೆ. ತಂತಿಯನ್ನು ಪೇಸ್‌ಮೇಕರ್ ಪೆಟ್ಟಿಗೆಗೆ ಜೋಡಿಸಿದರೆ ಬಡಿತ ಮರಳುತ್ತದೆ. ಆ ಪೆಟ್ಟಿಗೆ ಮೊದಲು ಗೋಡೆಯ ಕರೆಂಟಿಗೆ ಅಂಟಿಕೊಂಡಿತ್ತು. 1957ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋದ ಮೇಲೆ, ಸರ್ಜನ್ ವಾಲ್ಟನ್ ಲಿಲ್ಲೆಹೈ ಕೇಳಿದ್ದಕ್ಕೆ ಅರ್ಲ್ ಬಾಕೆನ್ ಬ್ಯಾಟರಿಯದನ್ನು ಮಾಡಿಕೊಟ್ಟರು. ಮಕ್ಕಳ ಹೃದಯಕ್ಕಾಗಿಯೇ ಹುಟ್ಟಿದ ಸಾಧನ ಅದು!

ಹೃದಯದ ಮೇಲ್ಕೋಣೆಗೆ ಸೇರಿಸಿದ ತಂತಿ ತೊಂದರೆಯ ಪತ್ತೆಗೂ ಒದಗುತ್ತದೆ. ಬಡಿತ ವಿಪರೀತ ಏರಿದಾಗ ಮಾಮೂಲಿ ಇಸಿಜಿಯಲ್ಲಿ ಅಡಗಿಬಿಡುವ ಮೇಲ್ಕೋಣೆಯ ಅಲೆ ಇದರಿಂದ ಎದ್ದು ಕಾಣುತ್ತದೆ. ಕಾರಣ ಜ್ವರವೋ ನೋವೋ ಅಥವಾ ಲಯವೇ ತಪ್ಪಿದೆಯೋ ಎಂದು ತಿಳಿಯುತ್ತದೆ. ಮದ್ದು ಅದರ ಮೇಲೆ ನಿಂತಿದೆ.

ಸ್ವಂತ ಬಡಿತ ನೆಲೆಗೊಂಡರೆ ಕೆಲವು ದಿನಗಳಲ್ಲಿ ತಂತಿಯನ್ನು ಮೆಲ್ಲನೆ ಎಳೆದು ತೆಗೆಯುತ್ತಾರೆ. ಹೃದಯದ ಸುತ್ತ ರಕ್ತ ತುಂಬೀತೆಂದು ಆಮೇಲೂ ಕೆಲವು ಗಂಟೆ ನಾಡಿ, ಬಿಪಿ ಕಾಯುತ್ತಾರೆ. ವಾರ, ಹತ್ತು ದಿನವಾದರೂ ಲಯ ಮರಳದ ಮಗುವಿಗೆ ಶಾಶ್ವತ ಪೇಸ್‌ಮೇಕರ್ ಇಡಬೇಕಾಗುತ್ತದೆ.