ಎಟ್ಸಿಯೋ, ಡೇಟಾ ಡೈರೆಕ್ಟರಿಯೋ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಾನ್ಫಿಗ್ ಫೈಲ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ‘ಯಾವ ಲಿನಕ್ಸ್?’ ಎಂದು ತಿರುಗಿ ಕೇಳದೆ ಉತ್ತರ ಹೇಳಲಾಗದು. ರೆಡ್‌ಹ್ಯಾಟ್ ಬಳಗದಲ್ಲಿ ಅದು ಡೇಟಾ ಡೈರೆಕ್ಟರಿಯೊಳಗೇ ಇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಡೇಟಾ ‘ವಾರ್’ನಲ್ಲಿ, ಕಾನ್ಫಿಗ್ ‘ಎಟ್ಸಿ’ಯಲ್ಲಿ. ಮೊದಲನೆಯದು ಪೋಸ್ಟ್‌ಗ್ರೆಸ್‌ನ ಮೂಲ ಪದ್ಧತಿ. ‘ಇನಿಟ್‌ಡಿಬಿ’ ಓಡಿಸಿದರೆ ಡೇಟಾ, ಕಾನ್ಫಿಗ್ ಎರಡೂ ಒಟ್ಟಿಗೇ ಹುಟ್ಟುತ್ತವೆ. ಎರಡನೆಯದು ಡೆಬಿಯನ್‌ಗೆ ಪ್ಯಾಕೇಜ್ ಕಟ್ಟುವವರ ಹಟ.

ಆ ಹಟ ನನಗೆ ಇಷ್ಟ. ಮನುಷ್ಯರು ತಿದ್ದುವುದು ಎಟ್ಸಿಯಲ್ಲಿ, ಪ್ರೋಗ್ರಾಂ ತನ್ನಷ್ಟಕ್ಕೆ ಬರೆದುಕೊಳ್ಳುವುದು ವಾರ್‌ನಲ್ಲಿ: ಯೂನಿಕ್ಸ್ ಮನೆಯ ಹಳೆಯ ಕಟ್ಟಳೆ ಇದು. ಡೇಟಾ ಡೈರೆಕ್ಟರಿಗೆ ಬೇರೆಯವರು ಕಾಲಿಡುವಂತಿಲ್ಲ. ಪೋರ್ಟ್ ಸಂಖ್ಯೆ ಯಾವುದೆಂದು ಅಲ್ಲಿರುವ ಕಾನ್ಫಿಗ್ ಫೈಲಿನಲ್ಲಿ ನೋಡಲೂ ರೂಟ್ ಆಗಬೇಕೆಂದರೆ ಅತಿಯಾಯಿತು. ಡೆಬಿಯನ್ ದಾರಿಯಲ್ಲಿ ಆವೃತ್ತಿ, ಕ್ಲಸ್ಟರ್‌ಗಳ ಹೆಸರೂ ಇರುತ್ತವೆ: ‘16’, ಅದರೊಳಗೆ ‘ಮೇನ್’. ಹಾಗಾಗಿ ಅಪ್‌ಗ್ರೇಡ್ ಸಮಯದಲ್ಲಿ 15, 16 ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ. ನೋಡಲು ಸಣ್ಣ ವಿಷಯ. ರಾತ್ರಿ ಹೊತ್ತು ಅಪ್‌ಗ್ರೇಡ್ ಮಾಡಿದವರಿಗೆ ಅದರ ಬೆಲೆ ಗೊತ್ತು.

ಎದುರು ಪಕ್ಷದ ವಾದವೂ ಗಟ್ಟಿಯೇ. ಡೇಟಾದ ಜೊತೆ ಕಾನ್ಫಿಗ್ ಇದ್ದರೆ ‘ಪಿಜಿ ಬೇಸ್‌ಬ್ಯಾಕಪ್’ ಎರಡನ್ನೂ ಹೊತ್ತು ತರುತ್ತದೆ. ಎಟ್ಸಿಯಲ್ಲಿದ್ದರೆ ಬಿಟ್ಟು ಬರುತ್ತದೆ. ಆಗ ಬ್ಯಾಕಪ್‌ನಲ್ಲಿ ಟೇಬಲ್‌ಗಳೆಲ್ಲ ಇರುತ್ತವೆ, ಯಾರನ್ನು ಒಳಗೆ ಬಿಡಬೇಕೆಂದು ಹೇಳುವ ‘ಎಚ್‌ಬಿಎ’ ಫೈಲ್ ಮಾತ್ರ ಇರುವುದಿಲ್ಲ.

2005ರ 8.0 ಆವೃತ್ತಿ ಕಾನ್ಫಿಗ್ ಎಲ್ಲಾದರೂ ಇರಲಿ ಎಂದು ಅಧಿಕೃತವಾಗಿ ಒಪ್ಪಿ, ಅದಕ್ಕೆ ಬೇಕಾದ ಪ್ಯಾರಾಮೀಟರ್‌ಗಳನ್ನು ಕೊಟ್ಟಿತು. ವ್ಯಾಜ್ಯ ಮುಗಿಯಿತು ಅನ್ನುವಷ್ಟರಲ್ಲಿ, 2014ರಲ್ಲಿ 9.4 ಬಂದು ‘ಆಲ್ಟರ್ ಸಿಸ್ಟಮ್’ ಎಂಬ ಆಜ್ಞೆ ತಂದಿತು. ಅದು ಬರೆಯುವ ‘ಆಟೋ ಕಾನ್ಫ್’ ಫೈಲ್ ಇರುವುದು ಡೇಟಾ ಡೈರೆಕ್ಟರಿಯಲ್ಲೇ. ಕೊನೆಗೆ ಓದುವುದೂ ಅದನ್ನೇ. ಎಟ್ಸಿಯಲ್ಲಿ ಎಷ್ಟು ತಿದ್ದಿದರೂ ಅದರ ಮಾತೇ ನಡೆಯುತ್ತದೆ. 2024ರ 17ನೇ ಆವೃತ್ತಿಯಲ್ಲಿ ಈ ಆಜ್ಞೆಯನ್ನು ನಿಷೇಧಿಸುವ ಅವಕಾಶ ಬಂತು. ತಡವಾಯಿತು, ಆದರೂ ಸಂತೋಷ.

 

ನನ್ನ ತೀರ್ಪು ಎಟ್ಸಿಗೇ. ನೀವೂ ಡೆಬಿಯನ್ ಅಥವಾ ಉಬುಂಟು ಬಳಸುವವರಾದರೆ, ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಎಟ್ಸಿಯ ಪೋಸ್ಟ್‌ಗ್ರೆಸ್ ಡೈರೆಕ್ಟರಿ ಇದೆಯೇ ಎಂದು ಇವತ್ತೇ ನೋಡಿ.